ಹೋಟೆಲಿನವರ ದಾನ, ನಮ್ಮ ಲೋಟ

ಯಾವ ಊರಿನ ಜಾತ್ರೆಯ ಕರಪತ್ರವನ್ನಾದರೂ ತೆಗೆದು ನೋಡಿ. ಕೆಳಗಡೆ ದಾನಿಗಳ ಪಟ್ಟಿ ಇರುತ್ತದೆ. ಹೋಟೆಲಿನವರು, ದಿನಸಿ ಅಂಗಡಿಯವರು, ರೈಸ್ ಮಿಲ್ಲಿನವರು, ಗೊಬ್ಬರದ ಅಂಗಡಿಯವರು. ಇವರೇ ಶಾಲೆಗೆ ಗಡಿಯಾರ ಕೊಡ್ತಾರೆ, ಬಸ್ ಸ್ಟ್ಯಾಂಡಿಗೆ ಕಲ್ಲುಬೆಂಚು ಹಾಕಿಸ್ತಾರೆ. ವ್ಯಾಪಾರ ಮಾಡುವವನು ಊರಿಗೆ ಆಗಬೇಕು ಅಂತ ಭಾಷಣವೂ ಆಗುತ್ತದೆ. ಆಗಲಿ, ಬೇಡ ಅನ್ನುವವರು ನಾವಲ್ಲ. ನಾವು ಕೇಳುವುದು ಇಷ್ಟೇ: ಈ 'ಊರು' ಅನ್ನುವುದರೊಳಗೆ ಕೇರಿ ಇದೆಯೋ ಇಲ್ಲವೋ?

ದಾನದ ದುಡ್ಡು ಬಂದದ್ದಾದರೂ ಎಲ್ಲಿಂದ? ಸಂಜೆ ಕೈಗೆ ಬಂದ ಕೂಲಿ ರಾತ್ರಿಯಾಗುವುದರೊಳಗೆ ಅಕ್ಕಿ, ಎಣ್ಣೆ, ಬೀಡಿ, ಟೀ ಆಗಿ ಅದೇ ಅಂಗಡಿಗಳ ಗಲ್ಲಾ ಪೆಟ್ಟಿಗೆ ಸೇರುತ್ತದೆ. ಸಾಲ ಬರೆಸಿದರಂತೂ ಲೆಕ್ಕ ಅವರದೇ, ಪುಸ್ತಕ ಅವರದೇ. ನಮ್ಮ ಬೆವರಿನ ದುಡ್ಡೂ ಸೇರಿಯೇ ಅವರು ದಾನಿಗಳಾಗಿರುವುದು.

ಇನ್ನು ಲೋಟದ ಮಾತು. ಹಿಂದೆ ನಮಗೆ ಅಂತ ಸೂರಿಗೆ ಸಿಕ್ಕಿಸಿದ ತೆಂಗಿನ ಚಿಪ್ಪೋ ಸೊಟ್ಟ ಲೋಟವೋ ಇರುತ್ತಿತ್ತು. ಹೊರಗೆ ಕುಕ್ಕರಗಾಲಲ್ಲಿ ಕೂತು ಕುಡಿದು, ನಾವೇ ತೊಳೆದು ಇಡಬೇಕಿತ್ತು. ಈಗ ಪೇಪರ್ ಲೋಟ ಬಂದಿದೆ. ಎಲ್ಲರಿಗೂ ಅದೇ ಕೊಟ್ಟರೆ ತಕರಾರಿಲ್ಲ. ಒಳಗೆ ಕೂತವರಿಗೆ ಸ್ಟೀಲಿನದು, ಕೇರಿಯ ಹುಡುಗ ಬಂದರೆ ಮಾತ್ರ ಪೇಪರಿನದು ಅಂದರೆ ಅದು ಶುಚಿತ್ವ ಅಲ್ಲ ಸ್ವಾಮಿ, ಹಳೇ ಚಿಪ್ಪೇ. ತೊಳೆಯುವ ಕೆಲಸ ತಪ್ಪಿತು, ಅಷ್ಟೇ ಸುಧಾರಣೆ.

ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು ಅಂತ ಹೆಸರು ಹಿಡಿದೇ ಹೇಳಿದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾಯಿತು. ಅದರ 4ನೇ ಕಲಂ ಹೋಟೆಲಿನ ಪಾತ್ರೆ ಬಳಸುವ ಹಕ್ಕನ್ನೂ ಬಿಟ್ಟಿಲ್ಲ. ಅಡ್ಡಿಪಡಿಸಿದವನಿಗೆ ಒಂದರಿಂದ ಆರು ತಿಂಗಳು ಜೈಲು, 100ರಿಂದ 500 ರೂಪಾಯಿ ದಂಡ. ಐನೂರು ರೂಪಾಯಿ! ಜಾತ್ರೆಗೆ ಕೊಡುವ ಚಂದಾ ಇದಕ್ಕಿಂತ ಜಾಸ್ತಿ. ಅಸ್ಪೃಶ್ಯತೆಯ ಕಾರಣಕ್ಕೆ ಸಾಮಾನು ಕೊಡಲ್ಲ, ಕ್ಷೌರ ಮಾಡಲ್ಲ ಅನ್ನುವುದು 6ನೇ ಕಲಮಿಗೆ ಬರುತ್ತದೆ. ಅದರಲ್ಲಿ ಶಿಕ್ಷೆಯಾದವನ ಲೈಸೆನ್ಸನ್ನೇ ಕೋರ್ಟು ರದ್ದು ಮಾಡಬಹುದು.

ಹಕ್ಕು ಕೇಳಿದಾಗ ಅಂಗಡಿಯೇ ಆಯುಧವಾಗುವುದನ್ನೂ ಕಂಡಿದ್ದೇವೆ. ಹಳೆಯ ಮುಂಬಯಿ ಪ್ರಾಂತ್ಯದ ಸ್ಟಾರ್ಟ್ ಸಮಿತಿಯಲ್ಲಿ ಬಾಬಾಸಾಹೇಬರೂ ಸದಸ್ಯರಾಗಿದ್ದರು. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ ಆ ಪ್ರಾಂತ್ಯದಲ್ಲೇ ಇದ್ದವು. ಹಕ್ಕು ಚಲಾಯಿಸಿದ ದಲಿತರಿಗೆ ಹಳ್ಳಿಯ ಅಂಗಡಿಯವನು ದಿನಬಳಕೆಯ ಸಾಮಾನು ಮಾರುವುದನ್ನು ನಿಲ್ಲಿಸುತ್ತಾನೆ ಅಂತ 1930ರ ಆ ವರದಿಯೇ ಹೇಳಿತು. ಇಂಥ ಬಹಿಷ್ಕಾರವನ್ನು ದೌರ್ಜನ್ಯ ತಡೆ ಕಾಯ್ದೆಯೊಳಗೆ ಹೆಸರಿಟ್ಟು ಅಪರಾಧ ಅಂತ ಸೇರಿಸಿದ್ದು 2015ರ ತಿದ್ದುಪಡಿಯಲ್ಲಿ. ಎಂಬತ್ತೈದು ವರ್ಷ ಹಿಡಿಯಿತು.

ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ ಎರಡು ಭಾಗ ಸಮಾಜಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ಊರ ಹೋಟೆಲಿಗೆ ಆ ಮಾತು ತಟ್ಟಲ್ಲ. ನಾವು ಕೇಳುತ್ತಿರುವುದಕ್ಕೆ ಖರ್ಚೂ ಇಲ್ಲ. ಒಂದೇ ಲೋಟ, ಒಂದೇ ಬೆಂಚು. ಆಮೇಲೆ ಒಲೆಯ ಮುಂದೆ ಕೆಲಸ. ಹೋಟೆಲಿಗೆ ಸೌದೆ ಒಡೆಯಲು, ಮೋರಿ ತೆಗೆಯಲು ನಮ್ಮ ಹುಡುಗ ಆಗ್ತಾನೆ. ದೋಸೆ ಹುಯ್ಯೋಕೆ ಯಾಕೆ ಆಗಲ್ಲ? ಗಿರಾಕಿ ಬರಲ್ಲ ಅಂತಾರೆ ಯಜಮಾನರು. ನಾವು ಯಾರು ಹಾಗಾದರೆ, ಗಿರಾಕಿಗಳಲ್ಲವೇ? ಕೇರಿಯವನೇ ಹೋಟೆಲು ಹಾಕಿದರೂ ಇದೇ ಕಥೆ. ಮೇಲ್ಜಾತಿಯವರು ಹತ್ತಿರ ಸುಳಿಯಲ್ಲ, ನಮ್ಮವರೂ ಆಚೆಯ ಹೋಟೆಲಿನ ಪೇಪರ್ ಲೋಟಕ್ಕೇ ಹೋಗ್ತಾರೆ. ಇದನ್ನು ನಾವು ನಾವೇ ಕೂತು ಮಾತಾಡಬೇಕು.

ಗೆಳೆಯರೇ, ಮುಂದಿನ ಸಂತೆಯ ದಿನ ನಾಲ್ಕೈದು ಜನ ಜೊತೆಯಾಗಿ ಹೋಗಿ, ಒಳಗೆ ಬೆಂಚಿನ ಮೇಲೆ ಕೂತು ಟೀ ಹೇಳಿ. ಜಗಳ ಬೇಡ. ಯಾರಿಗೆ ಯಾವುದರಲ್ಲಿ ಕೊಟ್ಟರು ಅಂತ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ. ಹೆದರಿಸಿದರೆ ಒಬ್ಬರೇ ಠಾಣೆಗೆ ಹೋಗಬೇಡಿ, ಎಲ್ಲರೂ ಹೋಗಿ. ಎಫ್.ಐ.ಆರ್. ಪ್ರತಿಯನ್ನು ಪುಕ್ಕಟೆ ಕೊಡಬೇಕು ಅಂತ ಕಾನೂನಿದೆ. ಅದನ್ನು ಕೈಗೆ ತೆಗೆದುಕೊಳ್ಳದೆ ಮೆಟ್ಟಿಲು ಇಳಿಯಬೇಡಿ.