ಪಟ್ಟಿಗೆ ಸಿಗದ ಕಳ್ಳ

ವೈ-ಫೈ ನಿಧಾನವಾದ ಕೂಡಲೇ ಯಾರೋ ಕನ್ನ ಹಾಕಿದ್ದಾರೆಂದು ಪಕ್ಕದ ಮನೆಯ ಹುಡುಗನನ್ನು ದೂರಬೇಡಿ. ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಸಿನಿಮಾ ನೋಡಲು ಕುಳಿತರೂ ವೇಗ ಇಳಿಯುತ್ತದೆ.

ಅನುಮಾನ ಬಲವಾಗಿದ್ದರೆ ರೌಟರ್‌ನ ಪುಟ ತೆರೆಯಿರಿ. ಅದರ ವಿಳಾಸ ಸಾಮಾನ್ಯವಾಗಿ ಪೆಟ್ಟಿಗೆಯ ತಳದಲ್ಲಿ ಅಂಟಿಸಿರುತ್ತದೆ. ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿ ಅಲ್ಲಿ ಸಿಗುತ್ತದೆ. ನಿಮ್ಮದೇ ಟಿವಿ ಕೂಡ ಗುರುತು ಸಿಗದ ಹೆಸರಿನಲ್ಲಿ ಅಡಗಿರಬಹುದು. ಆದ್ದರಿಂದ ಮನೆಯವನ್ನೆಲ್ಲ ಒಂದೊಂದಾಗಿ ಆರಿಸುತ್ತ ಬನ್ನಿ. ಆಮೇಲೂ ಉಳಿದದ್ದು ಹೊರಗಿನದು.

ಇವನು ಚಿಲ್ಲರೆ ಕಳ್ಳ. ವೈ-ಫೈ ಪಾಸ್‌ವರ್ಡ್ ಬದಲಿಸಿದರೆ ಓಡಿಹೋಗುತ್ತಾನೆ. ಪಟ್ಟಿಯಲ್ಲಿ ಕಾಣಿಸದೆ ರೌಟರ್‌ನೊಳಗೇ ಕೈಯಾಡಿಸುವವನು ಬೇರೆ. 2011ರಲ್ಲಿ ಬ್ರೆಜಿಲ್ ದೇಶದಲ್ಲಿ ಸುಮಾರು 45 ಲಕ್ಷ ಮೋಡೆಮ್‌ಗಳಿಗೆ ನುಗ್ಗಿದ ಖದೀಮರು ಬದಲಿಸಿದ್ದು ಡಿಎನ್ಎಸ್ ಎಂಬ ಸಂಖ್ಯೆಯನ್ನು. ಜಾಲತಾಣದ ಹೆಸರು ಹೇಳಿದರೆ ಅದರ ವಿಳಾಸ ಕೊಡುವ ವ್ಯವಸ್ಥೆ ಅದು. ದಾರಿ ಹೇಳುವವನೇ ಕಳ್ಳರ ಕಡೆಯವನಾದರೆ? ಹೆಸರನ್ನು ಸರಿಯಾಗಿ ಟೈಪಿಸಿದವರೂ ನಕಲಿ ತಾಣಕ್ಕೆ ಹೋಗಿ ಬಿದ್ದರು. ತಪ್ಪು ಕಂಪ್ಯೂಟರಿನದಲ್ಲ, ಅದರಲ್ಲಿ ವೈರಸ್ ಹುಡುಕಿ ಏನು ಫಲ?

ಹಾಗಾಗಿ ರೌಟರ್ ಪುಟದಲ್ಲಿ ಡಿಎನ್ಎಸ್ ಸಂಖ್ಯೆಯನ್ನೂ ನೋಡಿ, ಸಂಪರ್ಕ ಕೊಟ್ಟ ಕಂಪನಿಯವರನ್ನು ಕೇಳಿ ತಾಳೆ ಹಾಕಿ. ಬ್ಯಾಂಕಿನ ತಾಣ ತೆರೆದಾಗ ಸುರಕ್ಷತೆಯ ಎಚ್ಚರಿಕೆ ಬಂದರೆ, ಅಥವಾ ನೀವು ಬದಲಿಸದೆಯೇ ರೌಟರ್‌ನ ಪಾಸ್‌ವರ್ಡ್ ನಡೆಯದಿದ್ದರೆ ತಡ ಮಾಡಬೇಡಿ. ಹಿಂಬದಿಯ ರೀಸೆಟ್ ಗುಂಡಿಯನ್ನು ಸ್ವಲ್ಪ ಹೊತ್ತು ಅದುಮಿ ಹಿಡಿಯಿರಿ. ಬಳಿಕ ರೌಟರ್‌ನ ತಂತ್ರಾಂಶವನ್ನು ಹೊಸದಾಗಿಸಿ, ಎರಡೂ ಪಾಸ್‌ವರ್ಡ್ ಬದಲಿಸಿ. ಹೌದು, ಎರಡು! ವೈ-ಫೈನದು ಒಂದು, ರೌಟರ್‌ನ ಪುಟ ತೆರೆಯುವುದು ಇನ್ನೊಂದು.