ಕಡಲಿನಲ್ಲಿ ಇಳಿಜಾರಿಲ್ಲ



ತೂಬಗೆರೆಯಲ್ಲಿ ಕುಳಿತು ಸಮುದ್ರದ ಬಗ್ಗೆ ಬರೆಯಲು ಹೊರಟಿರುವುದು ನಿಮಗೆ ತುಸು ವಿಚಿತ್ರವಾಗಿ ತೋರಬಹುದು. ನಮ್ಮ ದೊಡ್ಡಬಳ್ಳಾಪುರ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯೇ ಇಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಅರ್ಕಾವತಿಯೂ ಇಲ್ಲಿ ಮಳೆ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಹಳ್ಳವೇ. ಹಾಗಿದ್ದೂ ಈ ಸಲದ ಬರಹದ ವಿಷಯ ಮೀನುಗಾರಿಕೆ ಬೋಟಿನ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ. ಅದಕ್ಕೆ ಕಾರಣ, ನನ್ನಲ್ಲಿ ವಿಜ್ಞಾನ ಕಲಿತು ಈಗ ಮಲ್ಪೆಯಲ್ಲಿ ಬೋಟುಗಳ ಎಂಜಿನ್ ಕೆಲಸ ಮಾಡುತ್ತಿರುವ ಒಬ್ಬ ಹುಡುಗ. ಕಳೆದ ವಾರ ಫೋನಿನಲ್ಲಿ ಅವನು, "ಸಾರ್, ಪ್ರತಿ ಆಗಸ್ಟ್‌ನಲ್ಲೂ ಬ್ಯಾಟರಿ ಬದಲಾಯಿಸೋರ ಸಾಲೇ ನಿಂತುಬಿಡುತ್ತೆ. ಎಲ್ಲರೂ ಕೇಳೋದು ಒಂದೇ, ಯಾವ ಕಂಪನೀದು ಒಳ್ಳೇದು ಅಂತ. ನೀವೇನಂತೀರಿ?" ಎಂದು ಕೇಳಿದ.

ಯಾವ ಕಂಪನಿ ಎಂಬುದು ಕಟ್ಟಕಡೆಯ ಪ್ರಶ್ನೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಬೇರೆ ಯಾವ ಕೆಲಸಕ್ಕೂ ಹಚ್ಚದೆ ಕಾದಿಡುತ್ತೇವೆಯೇ ಎಂಬುದು ಮೊದಲನೆಯ ಪ್ರಶ್ನೆ. ಅದು ನಿಜವಾಗಿಯೂ ಸತ್ತಿದೆಯೇ ಎಂದು ಅಳೆದು ನೋಡಿದ್ದೇವೆಯೇ ಎಂಬುದು ಎರಡನೆಯದು. ಈ ಎರಡಕ್ಕೆ ಉತ್ತರವಿಲ್ಲದೆ ಎಂತಹ ಹೆಸರಾಂತ ಬ್ಯಾಟರಿ ತಂದರೂ ಮುಂದಿನ ವರ್ಷ ಮತ್ತೆ ಅದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ನಮ್ಮ ಕಡೆ ಟ್ರ್ಯಾಕ್ಟರ್ ಇಟ್ಟವರನ್ನು ನೀವೆಲ್ಲ ನೋಡಿದ್ದೀರಿ. ಬ್ಯಾಟರಿ ಸೋತಿದೆಯೆಂದು ಗೊತ್ತಾದೊಡನೆ ಸಂಜೆ ಗಾಡಿಯನ್ನು ದಿಬ್ಬದ ಮೇಲೆ ನಿಲ್ಲಿಸುತ್ತಾರೆ. ಬೆಳಿಗ್ಗೆ ಇಳಿಜಾರಿನಲ್ಲಿ ಬಿಟ್ಟು ಗೇರಿಗೆ ಹಾಕಿದರೆ ಎಂಜಿನ್ ಹೊತ್ತಿಕೊಳ್ಳುತ್ತದೆ. ಇಳಿಜಾರು ಇಲ್ಲದಿದ್ದರೆ ನಾಲ್ಕು ಜನ ತಳ್ಳುತ್ತಾರೆ. ಹೀಗಾಗಿ ನಮ್ಮಲ್ಲಿ ಬ್ಯಾಟರಿಯ ಬಗೆಗಿನ ಉದಾಸೀನಕ್ಕೆ ದೊಡ್ಡ ದಂಡವೇನೂ ಬೀಳುವುದಿಲ್ಲ. ಆದರೆ ಕಡಲಿನಲ್ಲಿ ಇಳಿಜಾರಿಲ್ಲ, ತಳ್ಳಲು ಜನರಿಲ್ಲ. ಚಿಕ್ಕ ಎಂಜಿನ್ನನ್ನು ಹ್ಯಾಂಡಲ್ ಹಾಕಿ ತಿರುಗಿಸಬಹುದು. ಟ್ರಾಲ್ ಬೋಟಿನ ದೊಡ್ಡ ಡೀಸೆಲ್ ಎಂಜಿನ್ನು ಮನುಷ್ಯನ ತೋಳಿಗೆ ಬಗ್ಗುವಂಥದ್ದಲ್ಲ. ಮಲ್ಪೆ, ಮಂಗಳೂರು, ಗಂಗೊಳ್ಳಿಯಂತಹ ಬಂದರುಗಳಿಂದ ಆಳಸಮುದ್ರಕ್ಕೆ ಹೊರಡುವ ಬೋಟುಗಳು ಒಂದು ವಾರ, ಹತ್ತು ದಿನ ದಡ ಕಾಣುವುದಿಲ್ಲ. ಅಲ್ಲಿ ಎಂಜಿನ್ ನಿಂತರೆ ಗಾಳಿ, ಅಲೆ ಬೋಟನ್ನು ಎತ್ತ ಬೇಕಾದರೂ ಒಯ್ಯಬಹುದು. ಆಗ ಉಳಿಯುವ ಆಸರೆ ವೈರ್‌ಲೆಸ್ ಒಂದೇ. ಅದೂ ಅದೇ ಬ್ಯಾಟರಿಗೆ ಜೋತುಬಿದ್ದಿದ್ದರೆ, ಎಂಜಿನ್ ಎಬ್ಬಿಸಲು ಮತ್ತೆ ಮತ್ತೆ ಸೆಲ್ಫ್ ಹೊಡೆದು ಬ್ಯಾಟರಿ ಬರಿದಾದಾಗ ಅದರ ಧ್ವನಿಯೂ ಅಡಗುತ್ತದೆ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾದುದನ್ನು ನೀವು ಮರೆತಿರಲಾರಿರಿ. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಬಳಿಯ ಸಮುದ್ರದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಿನಲ್ಲಿ. ಆ ದುರಂತಕ್ಕೂ ಬ್ಯಾಟರಿಗೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ದಡದೊಡನೆ ಮಾತು ತಪ್ಪಿದ ಮನೆಗಳ ಪಾಡು ಎಂಥದ್ದೆಂದು ನೆನಪಿಸುತ್ತಿದ್ದೇನೆ, ಅಷ್ಟೆ.

ಇನ್ನು ತರಗತಿಯ ಒಂದು ಲೆಕ್ಕ. ಡೀಸೆಲ್ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಇಲ್ಲ. ಒಳಗಿನ ಗಾಳಿಯನ್ನು ಹದಿನೈದರಿಂದ ಇಪ್ಪತ್ತನೆಯ ಒಂದು ಭಾಗಕ್ಕೆ ಅದುಮಿ, ಆ ಬಿಸಿಯಲ್ಲೇ ಎಣ್ಣೆ ಹೊತ್ತಿಕೊಳ್ಳುವಂತೆ ಮಾಡಬೇಕು. ಆದುದರಿಂದ ಸ್ಟಾರ್ಟರ್ ಮೋಟಾರು ನೂರಾರು ಆಂಪಿಯರ್ ಸೆಳೆಯುತ್ತದೆ. 300 ಆಂಪಿಯರಿನಂತೆ 5 ಸೆಕೆಂಡು ಸೆಳೆಯಿತೆನ್ನಿ. ಒಟ್ಟು 1,500 ಆಂಪಿಯರ್-ಸೆಕೆಂಡು. ಗಂಟೆಯ 3,600 ಸೆಕೆಂಡುಗಳಿಂದ ಭಾಗಿಸಿದರೆ ಅರ್ಧ ಆಂಪಿಯರ್-ಗಂಟೆಯೂ ಆಗಲಿಲ್ಲ. ಅದೇ ದೀಪ, ಜಿಪಿಎಸ್, ಮೀನು ಹುಡುಕುವ ಯಂತ್ರ ಎಲ್ಲ ಸೇರಿ ಬರಿಯ 5 ಆಂಪಿಯರ್ ಸೆಳೆದರೂ, ಎಂಜಿನ್ ನಿಲ್ಲಿಸಿದ ಎಂಟು ಗಂಟೆಯ ರಾತ್ರಿಯಲ್ಲಿ 40 ಆಂಪಿಯರ್-ಗಂಟೆ ಖರ್ಚಾಗುತ್ತದೆ. ಕೆರೆಯ ತೂಬನ್ನು ಪೂರ್ತಿ ಎತ್ತಿ ಕ್ಷಣದಲ್ಲಿ ಮುಚ್ಚಿದರೆ ನೀರು ತಗ್ಗಿದ್ದು ಗೊತ್ತೇ ಆಗುವುದಿಲ್ಲ. ಬೆರಳಗಲ ಸಂದು ಬಿಟ್ಟು ಮಲಗಿದರೆ ಬೆಳಗಾಗುವಷ್ಟರಲ್ಲಿ ಗದ್ದೆಯೆಲ್ಲ ನೀರು. ಬ್ಯಾಟರಿಯನ್ನು ಕೊಲ್ಲುವುದು ಸೆಲ್ಫ್ ಅಲ್ಲ, ರಾತ್ರಿಯಿಡೀ ಉರಿಯುವ ದೀಪ.

ಇದಕ್ಕೆ ತಕ್ಕಂತೆಯೇ ಬ್ಯಾಟರಿಗಳನ್ನು ಎರಡು ಬಗೆಯಾಗಿ ತಯಾರಿಸುತ್ತಾರೆ. ಸೀಸ ಮತ್ತು ಆಸಿಡ್ಡಿನ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ 1859ರಲ್ಲಿ ಕಂಡುಹಿಡಿದಂದಿನಿಂದ ಮೂಲತತ್ತ್ವ ಬದಲಾಗಿಲ್ಲ. ಆದರೆ ಸ್ಟಾರ್ಟಿಂಗ್ ಬ್ಯಾಟರಿಯಲ್ಲಿ ತೆಳುವಾದ ಪ್ಲೇಟುಗಳು ಹೆಚ್ಚು ಸಂಖ್ಯೆಯಲ್ಲಿರುತ್ತವೆ. ಒಂದೇ ಸಲಕ್ಕೆ ಭಾರಿ ವಿದ್ಯುತ್ ಕೊಡಲು ಅದು ಅನುಕೂಲ. ಪದೇ ಪದೇ ಪೂರ್ತಿ ಬರಿದುಮಾಡಿದರೆ ಆ ತೆಳು ಪ್ಲೇಟುಗಳು ಬೇಗ ಹಾಳಾಗುತ್ತವೆ. ದೀಪ, ವೈರ್‌ಲೆಸ್ಸುಗಳಿಗೆ ದಪ್ಪ ಪ್ಲೇಟಿನದು ಬೇಕು. ನಮ್ಮ ಮನೆಗಳ ಇನ್ವರ್ಟರಿಗೆ ಹಾಕುವಂಥದ್ದು. ಹೀಗಾಗಿ ಬೋಟಿನಲ್ಲಿ ಇವೆರಡೂ ಬೇರೆ ಬೇರೆ ಇರಲೇಬೇಕು. ನಡುವೆ ಒಂದು ಸ್ವಿಚ್ ಇಟ್ಟು ಸಾಮಾನ್ಯ ದಿನಗಳಲ್ಲಿ ಬೇರ್ಪಡಿಸಿ, ಆಪತ್ತಿನಲ್ಲಿ ಮಾತ್ರ ಜೋಡಿಸಿಕೊಳ್ಳಬಹುದು. ಹಿಂದಿನವರು ಬಿತ್ತನೆಯ ರಾಗಿಯನ್ನು ಬೇರೆ ಮಡಕೆಯಲ್ಲಿಟ್ಟು, ಎಂಥ ಹಸಿವಿನಲ್ಲೂ ಅದಕ್ಕೆ ಕೈಹಾಕುತ್ತಿರಲಿಲ್ಲ. ಸ್ಟಾರ್ಟಿಂಗ್ ಬ್ಯಾಟರಿಯೂ ಬಿತ್ತನೆಯ ರಾಗಿಯೇ.

ಇನ್ನು ಆಗಸ್ಟಿನ ಸಾಲಿನ ವಿಚಾರ. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧ. ಮೀನು ಮರಿಮಾಡುವ ಕಾಲ, ಮಳೆಗಾಲದ ಕಡಲು, ನಿಷೇಧ ಸರಿಯಾದದ್ದೇ. ಆದರೆ ಬೋಟು ವಿಶ್ರಾಂತಿಯಲ್ಲಿದ್ದರೂ ಬ್ಯಾಟರಿಗೆ ವಿಶ್ರಾಂತಿಯಿಲ್ಲ. ಅದು ತಾನಾಗಿಯೇ ಸೋರುತ್ತಿರುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಸೋರಿದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಪ್ಲೇಟಿನ ಮೇಲೆ ಕೂತ ಸೀಸದ ಸಲ್ಫೇಟ್ ಗಟ್ಟಿಯಾಗಿ, ಆಮೇಲೆ ಚಾರ್ಜಿಗೆ ಇಟ್ಟರೂ ಕರಗುವುದಿಲ್ಲ. ಮೇ ಕೊನೆಯಲ್ಲಿ ಬ್ಯಾಟರಿಯನ್ನು ಬಿಚ್ಚಿ ದಡಕ್ಕೆ ತಂದು, ಪೂರ್ತಿ ಚಾರ್ಜ್ ಮಾಡಿ, ನೆರಳಿನಲ್ಲಿಟ್ಟು, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಕೊಟ್ಟರೆ ಆಗಸ್ಟ್ 1ಕ್ಕೆ ಅದು ಸಿದ್ಧವಾಗಿರುತ್ತದೆ. ಬಾಯಾರಿದಾಗ ಬಾವಿ ತೋಡುವ ಕೆಲಸವನ್ನು ಎರಡು ತಿಂಗಳ ಬಿಡುವಿರುವವರೂ ಮಾಡಬೇಕೆ?

ಬದಲಿಸುವ ಮೊದಲು ಅಳೆಯಿರಿ. ಚಾರ್ಜ್ ಮಾಡಿ ಕೆಲವು ಗಂಟೆ ಸುಮ್ಮನೆ ಬಿಟ್ಟ 12 ವೋಲ್ಟಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿಳಿದರೆ ಬಹುಪಾಲು ಬರಿದು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಅನುಮಾನಪಡಬೇಕು. ಮುಚ್ಚಳ ತೆರೆಯುವಂಥದ್ದಾದರೆ ಹೈಡ್ರೋಮೀಟರಿನಿಂದ ಆರೂ ಸೆಲ್ಲುಗಳನ್ನು ನೋಡಿ. ಐದು ಸರಿಯಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಬ್ಯಾಟರಿಯ ಕಾಲ ಮುಗಿಯಿತೆಂದೇ ತಿಳಿಯಿರಿ. ಆರೂ ಸಮನಾಗಿ ಕೆಳಗಿದ್ದರೆ ಮೊದಲು ಚಾರ್ಜಿನ ದಾರಿಯನ್ನು ಪರೀಕ್ಷಿಸಬೇಕು. ಎಂಜಿನ್ ಓಡುವಾಗ ಬ್ಯಾಟರಿಗೆ ಹದಿನಾಲ್ಕರ ಆಸುಪಾಸಿನಲ್ಲಿ ವೋಲ್ಟ್ ಬರುತ್ತಿದೆಯೇ? ಆಲ್ಟರ್ನೇಟರಿನ ಬೆಲ್ಟ್ ಸಡಿಲವೇ? ಉಪ್ಪುಗಾಳಿಗೆ ಟರ್ಮಿನಲ್ಲುಗಳಲ್ಲಿ ಹಸಿರು, ಬಿಳಿ ಪುಡಿ ಕಟ್ಟಿದೆಯೇ? ಇವನ್ನು ಸರಿಪಡಿಸದೆ ಹಾಕಿದ ಹೊಸ ಬ್ಯಾಟರಿ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಕೊಳ್ಳುವುದೇ ಅನಿವಾರ್ಯವಾದರೆ ಎಂಜಿನ್ ತಯಾರಕರು ಹೇಳಿದ ಅಳತೆಯನ್ನು ಹಿಡಿಯಿರಿ. ಡಬ್ಬದ ಮೇಲೆ 'ಸಿಸಿಎ' ಎಂದು ದೊಡ್ಡದಾಗಿ ಬರೆದ ಸಂಖ್ಯೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಮಾಡಿದ ಪರೀಕ್ಷೆಯದು. ಎರಡು ಬ್ಯಾಟರಿಗಳನ್ನು ಹೋಲಿಸಲು ಅದು ಉಪಯುಕ್ತ, ನಿಜ. ಆದರೆ ಮಲ್ಪೆಯಲ್ಲಿ ಅಂಥ ಚಳಿಯಿಲ್ಲ. ಅಲ್ಲಿನ ಶತ್ರುಗಳು ಎಂಜಿನ್ ಕೋಣೆಯ ಬಿಸಿ, ಅದುರು ಮತ್ತು ಉಪ್ಪು. ಆದ್ದರಿಂದ ಬಿಗಿಯಾದ ಕಟ್ಟು, ಗಾಳಿಯಾಡುವ ಎತ್ತರದ ಜಾಗ ಮುಖ್ಯ. ಚಾರ್ಜಾಗುವಾಗ ಹೊಮ್ಮುವ ಜಲಜನಕ ಕಿಡಿ ತಾಗಿದರೆ ಸ್ಫೋಟಿಸುತ್ತದೆ. ಸಮುದ್ರದ ನೀರು ಒಳಹೊಕ್ಕರೆ ವಿಷಕಾರಿ ಕ್ಲೋರಿನ್ ಹುಟ್ಟುತ್ತದೆ. ತಯಾರಾದ ತಿಂಗಳನ್ನು ಓದಿಯೇ ಕೊಳ್ಳಿ, ಬಹುಕಾಲ ಅಂಗಡಿಯಲ್ಲಿ ಕೂತದ್ದು ಬೇಡ. ಎರಡು ಬ್ಯಾಟರಿ ಸರಣಿಯಲ್ಲಿ ಜೋಡಿಸಿದ 24 ವೋಲ್ಟಿನ ಎಂಜಿನ್ನಾದರೆ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಮುದಿ ಎತ್ತನ್ನೂ ಹೋರಿಯನ್ನೂ ಒಂದೇ ನೊಗಕ್ಕೆ ಕಟ್ಟಬಾರದು. ಬಿಚ್ಚುವಾಗ ನೆಗೆಟಿವ್ ಮೊದಲು, ಕಟ್ಟುವಾಗ ಅದೇ ಕೊನೆಗೆ.

"ಎರಡೆರಡು ಬ್ಯಾಟರಿಗೆ ಹಣ ಎಲ್ಲಿಂದ ತರೋದು?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ, ಸಾಲ ಮಾಡಿ ಬೋಟು ಇಳಿಸಿದವರ ಕಷ್ಟ ದೊಡ್ಡದು. ಆದರೆ ಒಂದು ಯಾನ ಅರ್ಧಕ್ಕೇ ನಿಂತು ಇನ್ನೊಂದು ಬೋಟು ಎಳೆದು ತರುವಂತಾದರೆ ಎರಡೂ ಬೋಟುಗಳ ಡೀಸೆಲ್, ಮಂಜುಗಡ್ಡೆ, ಕೂಲಿ, ಹಿಡಿದ ಮೀನು ಎಲ್ಲ ನಷ್ಟದ ಲೆಕ್ಕಕ್ಕೇ. ಇದರ ಎದುರು ಒಂದು ಬ್ಯಾಟರಿಯ ಬೆಲೆಯನ್ನು ಇಟ್ಟು ತೂಗಿ ನೋಡಲಿ. ಮೇಲಾಗಿ, ದುಡ್ಡು ಬೋಟಿನ ಮಾಲೀಕನದು, ಪ್ರಾಣ ತಾಂಡೇಲನದೂ ಕೆಲಸದ ಹುಡುಗರದೂ. ತನ್ನದಲ್ಲದ ಪ್ರಾಣದ ವಿಷಯದಲ್ಲಿ ಉಳಿತಾಯ ಮಾಡುವ ಹಕ್ಕು ಯಾರಿಗೂ ಇಲ್ಲ.

ಹಳೆಯ ಬ್ಯಾಟರಿಯನ್ನು ಮಾರಿದವರಿಗೇ ಮರಳಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರೇ ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸಬೇಕೆನ್ನುತ್ತವೆ. ಒಡೆದು ಆಸಿಡ್ಡನ್ನು ಬಂದರಿನಲ್ಲಿ ಸುರಿದರೆ ಸೀಸ ನಾವು ತಿನ್ನುವ ಮೀನಿಗೇ ಸೇರೀತು. ನಮ್ಮ ಕೆರೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಟ್ರ್ಯಾಕ್ಟರ್, ಜನರೇಟರ್, ಕಾರು ಇರುವ ನೀವೂ ಈ ಭಾನುವಾರ ಒಂದು ವೋಲ್ಟ್‌ಮೀಟರ್ ಹಿಡಿದು ನಿಮ್ಮ ಬ್ಯಾಟರಿಯನ್ನು ನೋಡಿ, ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಕರಾವಳಿಯಲ್ಲಿ ಸ್ನೇಹಿತರು, ಬೀಗರು ಇರುವವರು ಮೇ ತಿಂಗಳು ಬರುವ ಮೊದಲೇ ಅವರಿಗೆ ಒಂದು ಮಾತು ತಿಳಿಸಿ.