ಹೋಮ್ ಥಿಯೇಟರಿನ ತಂತಿಯೂ ಮರೆತುಹೋದ ಓಮ್‌ನ ನಿಯಮವೂ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟವಾದ ಮೇಲೆ ಮಹಡಿಗೆ ಕರೆದೊಯ್ದು, "ಸಾರ್, ಸ್ಪೀಕರ್ ತಂತಿಗೇ 40,000 ರೂಪಾಯಿ ಆಯಿತು" ಎಂದು ಹೆಮ್ಮೆಯಿಂದ ತೋರಿಸಿದ. ತಂತಿ ಹೆಬ್ಬೆರಳಿನಷ್ಟು ದಪ್ಪ. ಸಂಕೇತ ಯಾವ ದಿಕ್ಕಿಗೆ ಹರಿಯಬೇಕೆಂಬ ಬಾಣದ ಗುರುತು ಬೇರೆ! ಹತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ ತೊಂಬತ್ತರ ಮೇಲೆ ಅಂಕ ಪಡೆದ ಹುಡುಗ. ಮನೆ ಸಾಲದ ಕಂತು ಇನ್ನೂ ಹದಿನೈದು ವರ್ಷ ಇದೆಯಂತೆ. ಶುಭದಿನದಂದು ಆಡಬಾರದೆಂದು ಸುಮ್ಮನೆ ಬಂದೆ. ಇಲ್ಲಿ ಸುಮ್ಮನಿರಲಾರೆ.

ಸ್ಪೀಕರಿಗೆ ಹೋಗುವುದು ಪರ್ಯಾಯ ಪ್ರವಾಹ. ಸೆಕೆಂಡಿಗೆ 20ರಿಂದ 20,000 ಬಾರಿ ಹಿಂದಕ್ಕೂ ಮುಂದಕ್ಕೂ ಓಲಾಡುವ ಅದಕ್ಕೆ ಬಾಣ ಬರೆದು ದಾರಿ ತೋರಿಸುವವರ ಧೈರ್ಯವನ್ನು ಮೆಚ್ಚಬೇಕು.

ದಪ್ಪ ಮುಖ್ಯವಲ್ಲವೆಂದು ನಾನು ಹೇಳುತ್ತಿಲ್ಲ. ತಂತಿಯ ರೋಧ ಅದರ ಉದ್ದಕ್ಕೆ ನೇರ ಅನುಪಾತದಲ್ಲಿಯೂ, ಅಡ್ಡಕೊಯ್ತದ ವಿಸ್ತೀರ್ಣಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಕರಿಹಲಗೆಯ ಮೇಲೆ ಇದನ್ನು ಎಷ್ಟು ಸಲ ಬರೆಸಿದ್ದೆ! ಸ್ಪೀಕರಿನ ರೋಧ ಸ್ವರದಿಂದ ಸ್ವರಕ್ಕೆ ಏರಿಳಿಯುತ್ತದೆ. ಆದ್ದರಿಂದ ತಂತಿಯ ರೋಧ ಮಿತಿಮೀರಿದರೆ ಸ್ವರಗಳ ಸಮತೋಲ ಕೆಡುತ್ತದೆ. ಸ್ಪೀಕರಿನ ಓಮ್‌ನಲ್ಲಿ ನೂರಕ್ಕೆ ಐದನ್ನು ದಾಟಬಾರದೆಂಬುದು ರೂಢಿಯ ಲೆಕ್ಕ. 8 ಓಮ್ ಸ್ಪೀಕರಿಗೆ 0.4, 4 ಓಮ್ ಸ್ಪೀಕರಿಗೆ 0.2.

ಹಿಂಬದಿಯ ಸ್ಪೀಕರ್ 10 ಮೀಟರ್ ದೂರದಲ್ಲಿದೆ ಎನ್ನೋಣ. ಹೋಗಿ ಬರಲು ತಾಮ್ರ 20 ಮೀಟರ್. (ಈ "ಬರಲು" ಎಂಬುದನ್ನು ಪರೀಕ್ಷೆಯಲ್ಲಿ ಅರ್ಧ ತರಗತಿ ಮರೆಯುತ್ತಿತ್ತು.) 0.75 ಚದರ ಮಿಲಿಮೀಟರ್ ತಂತಿಯಾದರೆ ಸುಮಾರು 0.46 ಓಮ್, ಸಾಲದು. 1.5 ಆದರೆ 0.23, ಎಂಟು ಓಮ್‌ಗೆ ಧಾರಾಳ. 2.5 ಆದರೆ 0.14, ನಾಲ್ಕು ಓಮ್‌ಗೂ ಸಾಕು. ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಸಾದಾ ತಾಮ್ರದ ಜೋಡಿತಂತಿಯ ಲೆಕ್ಕ ಇದು. ಗೇಜಿನಲ್ಲಿ ಕೊಳ್ಳುವವರು ನೆನಪಿಡಿ, ಅಲ್ಲಿ ಅಂಕಿ ತಿರುವುಮುರುವು: 16ಕ್ಕಿಂತ 12 ದಪ್ಪ.

ನಿಜವಾದ ಮೋಸ ಇರುವುದು ಬೇರೆಡೆ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟು ಮಾರುತ್ತಾರೆ. ಅಲ್ಯೂಮಿನಿಯಂನ ರೋಧ ತಾಮ್ರದ ಒಂದೂವರೆ ಪಟ್ಟಿಗೂ ಮಿಗಿಲು. ನಾನೂ ಒಮ್ಮೆ ಬೇಸ್ತುಬಿದ್ದವನೇ. ಬ್ಲೇಡಿನಿಂದ ಎಳೆಯನ್ನು ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಹಿಂತಿರುಗಿಸಿ.

"ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ ಸಾರ್" ಎಂದ ಹುಡುಗ. 40,000 ಕೊಟ್ಟ ಕಿವಿಗೆ ಗೊತ್ತಾಗದೆ ಇದ್ದೀತೆ? ಅಮೆರಿಕದ ಜೇಮ್ಸ್ ರ್ಯಾಂಡಿ 2007ರಲ್ಲಿ, ಸಾವಿರಾರು ಡಾಲರಿನ ತಂತಿಯನ್ನು ಅಗ್ಗದ ತಂತಿಯಿಂದ ಕೇಳಿಯೇ ಬೇರ್ಪಡಿಸುವವರಿಗೆ 10 ಲಕ್ಷ ಡಾಲರ್ ಕೊಡುವುದಾಗಿ ಸವಾಲು ಹಾಕಿದರು. ಆ ಹಣ ಯಾರ ಕೈಗೂ ಹೋಗಲಿಲ್ಲ.

ಮಗೂ, ನೀನು ಇದನ್ನು ಓದುವೆಯೆಂದು ಬಲ್ಲೆ. ಬರುವ ಭಾನುವಾರ ನನ್ನ ಖರ್ಚಿನಲ್ಲೇ 10 ಮೀಟರ್ ಜೋಡಿತಂತಿ ತರುತ್ತೇನೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕುಳಿತುಕೋ. ಹತ್ತಕ್ಕೆ ಒಂಬತ್ತು ಸಲ ಸರಿಯಾಗಿ ಹೇಳಿದರೆ ಈ ಬರಹವನ್ನು ಅಳಿಸಿಹಾಕುತ್ತೇನೆ.